ನಿಂತ ಹಾಳೆಯನ್ನು ಮತ್ತೆ ಹೊರಡಿಸುವವಳಿಗೆ

ಕೂಸೇ, ನೀನು ಕೊಟ್ಟುಹೋದ ಕರಡನ್ನು ಓದಿದೆ. ಮೊದಲ ಪುಟದ ತುಂಬ ಕ್ಷಮಾಪಣೆ. ಎರಡನೆಯ ಪುಟದ ತುಂಬ ಮುಂದಿನ ಯೋಜನೆ. ಮೂರನೆಯ ಪುಟದ ಅರ್ಧ ದಾಟಿದ ಮೇಲೆ ನಿಮ್ಮೂರಿನಲ್ಲಿ ಅಡಕೆ ಕೊನೆ ಇಳಿಸುವ ಕೊನೆಗೌಡ ಮರ ಹತ್ತುವುದನ್ನು ಬಿಟ್ಟ ದಿನದ ಬರಹ ಶುರುವಾಗುತ್ತದೆ. ಅದನ್ನು ಓದುತ್ತ ಬಾಯಲ್ಲಿದ್ದ ಕವಳ ಅಗಿಯುವುದನ್ನೇ ಮರೆತೆ. ಅಂಥ ಬರಹ ನಾಲ್ಕೇ ಪುಟದ ಹಾಳೆಯಲ್ಲಿ ಮೂರನೆಯ ಪುಟದ ತನಕ ಕಾಯಬೇಕಾಯಿತಲ್ಲ, ಅದೇ ನನ್ನ ತಕರಾರು. ಮೊದಲಿನ ಎರಡು ಪುಟ ತೆಗೆದುಹಾಕು. ಕೊನೆಗೌಡನನ್ನು ಮೊದಲ ಪುಟದ ಮೊದಲ ಸಾಲಿಗೆ ತಾ. ನಿಂತುಹೋದದ್ದನ್ನು ಮತ್ತೆ ಹೊರಡಿಸುವಾಗ ಓದುಗರಿಗೆ ನಿನ್ನನ್ನು ಮತ್ತೆ ಪರಿಚಯ ಮಾಡಿಕೊಡಬೇಕಾದ್ದು ಆ ಬರಹವೇ ಹೊರತು ನಿನ್ನ ವಿವರಣೆಯಲ್ಲ.

ಶಿರಸಿಯಲ್ಲಿ ನಮ್ಮ ಟ್ರೆಡಲ್ ಪ್ರೆಸ್ಸು ಓಡುತ್ತಿದ್ದ ಕಾಲವನ್ನು ನೀನು ನೋಡಿದವಳಲ್ಲ. ಲಗ್ನಪತ್ರಿಕೆ, ಆಟದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾಗದ, ಇವುಗಳ ನಡುವೆ ಯಾರಾದರೊಬ್ಬ ಮಾಸ್ತರು, ಇಲ್ಲವೇ ಸಿದ್ದಾಪುರದ ಕಡೆಯ ತೋಟದ ಮನೆಯವರೊಬ್ಬರು ಬಗಲಲ್ಲಿ ಹಸ್ತಪ್ರತಿ ಇಟ್ಟುಕೊಂಡು ಬರುತ್ತಿದ್ದರು. ಸ್ವಂತದ್ದೊಂದು ಪತ್ರಿಕೆ ತರಬೇಕೆಂಬ ಹುಚ್ಚು. ಮೂರು ಸಂಚಿಕೆ ನೆಟ್ಟಗೆ ಬರುವುದು. ನಾಲ್ಕನೆಯದು ತಡ. ಐದನೆಯದರ ಹೊತ್ತಿಗೆ, ‘ಅನಿವಾರ್ಯ ಕಾರಣಗಳಿಂದ ಸಂಚಿಕೆ ವಿಳಂಬವಾಗಿದೆ, ಓದುಗರು ಸಹಕರಿಸಬೇಕಾಗಿ ವಿನಂತಿ.’ ಆ ಸಾಲಿನ ಮೊಳೆಗಳನ್ನು ನಾವು ಬಿಚ್ಚಿ ಕೇಸಿಗೆ ಹಾಕುತ್ತಲೇ ಇರಲಿಲ್ಲ. ದಾರ ಸುತ್ತಿ ಒಂದು ಮೂಲೆಯಲ್ಲಿ ಇಟ್ಟುಬಿಟ್ಟಿದ್ದೆವು. ಇಂದಲ್ಲ ನಾಳೆ ಇನ್ನೊಬ್ಬ ಸಂಪಾದಕರು ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಮೊಳೆ ಸವೆಯುವಷ್ಟು ಸಲ ಅದು ಅಚ್ಚಾಗಿದೆ. ಒಬ್ಬ ಓದುಗನಾದರೂ ಆ ಕಾರಣ ಏನಿತ್ತೆಂದು ಕೇಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ಯಾಕೆ ಕೇಳಲಿಲ್ಲ ಗೊತ್ತೇ? ಹಾಳೆ ನಿಂತದ್ದು ನಿನಗೆ ದೊಡ್ಡ ಸಂಗತಿ. ರಾತ್ರಿ ನಿದ್ದೆಗೆಡಿಸಿದ ಸಂಗತಿ. ಓದುವವರ ಮನೆಯಲ್ಲಿ ಆ ವರ್ಷ ಕೊಳೆರೋಗ ಬಂದಿತ್ತು, ಅಡಕೆ ದರ ಬಿದ್ದಿತ್ತು, ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಟವಿತ್ತು, ಮಗ ಬೆಂಗಳೂರಿನಲ್ಲಿ ಕೆಲಸ ಬದಲಿಸಿದ್ದ. ನಿನ್ನ ಹಾಳೆ ಬರಲಿಲ್ಲವೆಂದು ಅವರು ಮುನಿಸಿಕೊಂಡು ಕೂತಿಲ್ಲ. ಹಾಗೆಂದು ಮರೆತೂ ಇಲ್ಲ. ಬಂದರೆ ಓದುತ್ತಾರೆ. ಅವರಿಗೆ ಎರಡು ಪುಟದ ಪಶ್ಚಾತ್ತಾಪ ಓದಿಸಿದರೆ, ಇಲ್ಲದ ಸಿಟ್ಟನ್ನು ನೀನೇ ಅವರಿಗೆ ನೆನಪುಮಾಡಿಕೊಟ್ಟಂತೆ. ಮಗು ಸಣ್ಣದಿತ್ತು, ಬರೆಯಲು ಆಗಲಿಲ್ಲ, ಈಗ ಆಗುತ್ತದೆ. ಇಷ್ಟೇ ತಾನೇ ನಿಜ? ಅಷ್ಟನ್ನೇ ಬರೆ, ಕೊನೆಯ ಪುಟದ ಕೆಳಗೆ.

ದೊಡ್ಡವರ ಉದಾಹರಣೆ ಕೊಟ್ಟರೆ ಮೂಗು ಮುರಿಯಬೇಡ. ಗಾಂಧೀಜಿ 1934ರಲ್ಲಿ ಶಿರಸಿ, ಸಿದ್ದಾಪುರಕ್ಕೆ ಬಂದುಹೋದಾಗ ಅವರ ‘ಹರಿಜನ’ ವಾರಪತ್ರಿಕೆ ಶುರುವಾಗಿ ವರ್ಷವಾಗಿತ್ತು. 1942ರ ಆಗಸ್ಟಿನಲ್ಲಿ ಅದು ನಿಂತಿತು. ಮತ್ತೆ ಹೊರಟದ್ದು 1946ರ ಫೆಬ್ರವರಿಯಲ್ಲಿ. ಆ ನಡುವೆ ಅವರು ಕಂಡದ್ದು ಸೆರೆಮನೆ. ಆಗಾಖಾನ್ ಅರಮನೆಯಲ್ಲಿ ಮೊದಲು ಮಹಾದೇವ ದೇಸಾಯಿ ಹೋದರು, ಆಮೇಲೆ ಕಸ್ತೂರಬಾ. ಹೇಳಿಕೊಳ್ಳಲು ಹೊರಟಿದ್ದರೆ ವರ್ಷವಿಡೀ ಅದನ್ನೇ ಬರೆಯಬಹುದಿತ್ತು. ಆದರೆ ಪತ್ರಿಕೆ ಮರಳಿ ಹೊರಟ ಕೆಲವೇ ವಾರಗಳಲ್ಲಿ ಅದರ ತುಂಬ ಆ ವರ್ಷದ ಧಾನ್ಯದ ಕೊರತೆಯ ಮಾತು. ಊರೂರಿನಲ್ಲಿ ಜನ ಅಂದು ಆಡುತ್ತಿದ್ದ ಮಾತು ಅದೇ ಆಗಿತ್ತು. ನಿಮ್ಮ ಯಲ್ಲಾಪುರದ ಕಡೆ ಈಗ ಜನ ಏನು ಮಾತಾಡಿಕೊಳ್ಳುತ್ತಿದ್ದಾರೆ? ಮರ ಹತ್ತುವವರು ಸಿಗುವುದಿಲ್ಲ ಎಂದು ತಾನೇ? ನಿನ್ನ ಬರಹದ ವಿಷಯ ಅದೇ ಇದೆಯಲ್ಲ, ಇನ್ನೇನು ಬೇಕು.

ಇನ್ನು ಆ ಎರಡನೆಯ ಪುಟ. ‘ಇನ್ನು ಮುಂದೆ ಪ್ರತಿ ತಿಂಗಳು ತಪ್ಪದೆ’ ಎಂದು ಬರೆದಿದ್ದೀಯ. ಕೆಳಗೆ ಕಥೆ, ಅಡುಗೆ, ಪುಸ್ತಕ ಪರಿಚಯ, ಮಕ್ಕಳ ಅಂಕಣ, ಪ್ರವಾಸ ಎಂದು ಪಟ್ಟಿ. ಇದನ್ನೆಲ್ಲ ಬರೆಯುವವರು ಯಾರು? ನೀನೊಬ್ಬಳೇ. ಹಿಂದಿನ ಸಲ ನಿಂತದ್ದಕ್ಕೆ ಕಾರಣ ಹುಡುಕುತ್ತಿದ್ದರೆ ಈ ಪಟ್ಟಿಯಲ್ಲೇ ಹುಡುಕು.

ಮಾಸಿಕದ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬಲ್ಲೆ. 1898ರ ಅಂಚೆ ಕಾಯ್ದೆ ಇದ್ದ ಕಾಲದಲ್ಲಿ 31 ದಿನಕ್ಕಿಂತ ಹೆಚ್ಚು ಅಂತರ ಬಿಡದೆ ಬರುವುದು ಮಾತ್ರ ನೋಂದಾಯಿತ ಪತ್ರಿಕೆ ಎನಿಸಿಕೊಳ್ಳುತ್ತಿತ್ತು. ರಿಯಾಯಿತಿ ದರದ ಅಂಚೆ ಅಂಥವುಗಳಿಗೆ ಸಿಗುತ್ತಿತ್ತು. ಆ ಕೆಲವು ಪೈಸೆಯ ದರದ ಆಸೆಗೆ ತ್ರೈಮಾಸಿಕ ಮಾಡಬೇಕಾದವರೆಲ್ಲ ಮಾಸಿಕ ಎಂದು ಘೋಷಿಸಿದರು. ಟಪಾಲಿನಲ್ಲಿ ಉಳಿಸಿದ್ದನ್ನು ನಿದ್ದೆಯಲ್ಲಿ ಕಳೆದುಕೊಂಡರು. ನಿನ್ನದು ನೂರಿನ್ನೂರು ಪ್ರತಿಯ ಹಾಳೆ. ಪೂರ್ತಿ ಅಂಚೆ ಕೊಟ್ಟೇ ಕಳಿಸು, ತಲೆನೋವಿಲ್ಲ. (ಮುಂದೆ ಅಂಗಡಿಯಲ್ಲಿಟ್ಟು ಮಾರುವ, ಊರಿನ ಸುದ್ದಿ ಹಾಕುವ ಯೋಚನೆ ಬಂದರೆ ಮಾತ್ರ ನೋಂದಣಿಯ ವಿಷಯ ವಿಚಾರಿಸಿಕೊ. 1867ರ ಪತ್ರಿಕಾ ನೋಂದಣಿ ಕಾಯ್ದೆ ಹೋಗಿ ಹೊಸದು 2024ರ ಮಾರ್ಚಿನಿಂದ ಜಾರಿಯಲ್ಲಿದೆ. ಹಳೆಯದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಪತ್ರಿಕೆ ನಿಂತರೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಘೋಷಣೆಯೇ ಬಿದ್ದುಹೋಗುತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಅದಕ್ಕಾಗಿಯೇ ಹನ್ನೊಂದನೆಯ ತಿಂಗಳಲ್ಲಿ ಓಡೋಡಿ ಬಂದು ಎರಡು ಪುಟ ಅಚ್ಚು ಹಾಕಿಸಿಕೊಂಡು ಹೋಗುತ್ತಿದ್ದರು.)

ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಡುವಿನ ವರ್ಷ ಜಾತ್ರೆ ಇಲ್ಲವೆಂದು ಶಿರಸಿಯಲ್ಲಿ ಯಾರೂ ಗೊಣಗುವುದಿಲ್ಲ. ಮೊದಲೇ ಹಾಗೆಂದು ಗೊತ್ತು. ನಿನ್ನ ಹಾಳೆಯೂ ವರ್ಷಕ್ಕೆ ಎಷ್ಟು ಸಲ ಎಂದು ಮೊದಲೇ ಹೇಳಿ, ಅಷ್ಟು ಸಲ ಬರಲಿ. ನಮ್ಮ ಗಡಿಯಾಚೆ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್‌ನವರು ‘ಮಾತುಕತೆ’ಯನ್ನು ತ್ರೈಮಾಸಿಕವಾಗಿಯೇ ತಂದರು. ಅಷ್ಟು ದೊಡ್ಡ ಸಂಸ್ಥೆ, ಬರೆಯುವವರ ದಂಡೇ ಇದ್ದರೂ ತಿಂಗಳಿಗೊಂದರ ಹಟ ಹಿಡಿಯಲಿಲ್ಲ.

ಒಬ್ಬರೇ ಬರೆದು ನಡೆಸಿದವರ ಪೈಕಿ ನನಗೆ ಇಷ್ಟವಾದವನು ಅಮೆರಿಕದ ಐ.ಎಫ್. ಸ್ಟೋನ್. 1953ರಲ್ಲಿ ತನ್ನ ಹೆಸರಿನಲ್ಲೇ ನಾಲ್ಕು ಪುಟದ ವಾರಪತ್ರಿಕೆ ಶುರುಮಾಡಿದ. ಬರೆಯುವುದು ಅವನು, ಚಂದಾದಾರರ ಲೆಕ್ಕ ನೋಡುವುದು ಹೆಂಡತಿ ಎಸ್ತರ್. ಬಣ್ಣವಿಲ್ಲ, ಜಾಹೀರಾತಿಲ್ಲ. ಸರ್ಕಾರದವರೇ ಅಚ್ಚು ಹಾಕಿಸಿದ ದಪ್ಪ ದಪ್ಪ ವರದಿಗಳನ್ನು ಓದಿ, ಬೇರೆ ಪತ್ರಕರ್ತರು ಓದದೆ ಬಿಟ್ಟ ಪುಟಗಳಿಂದ ಸತ್ಯ ಹೆಕ್ಕುತ್ತಿದ್ದ. ಹೃದಯ ತೊಂದರೆ ಕೊಟ್ಟಾಗ ಏನು ಮಾಡಿದ ಕೇಳು: ವಾರಕ್ಕೊಮ್ಮೆ ಇದ್ದದ್ದನ್ನು ಎರಡು ವಾರಕ್ಕೊಮ್ಮೆ ಮಾಡಿ, ಪತ್ರಿಕೆಯ ಹೆಸರಿನಲ್ಲೇ ಹಾಗೆಂದು ತಿದ್ದಿಕೊಂಡ. ನಾಟಕ ಮಾಡಲಿಲ್ಲ. 1971ರಲ್ಲಿ ನಿಲ್ಲಿಸುವ ಹೊತ್ತಿಗೆ ಅವನ ಓದುಗರು ಎಪ್ಪತ್ತು ಸಾವಿರದ ಸುಮಾರು. ನಿನಗೆ ಎಪ್ಪತ್ತು ಜನ ಸಾಕು, ಬಿಡು.

ನಮ್ಮ ಸೀಮೆಯಲ್ಲಿ ಯಾವಾಗ ಹೊರಡಿಸಬೇಕು ಎಂಬುದಕ್ಕೆ ಕ್ಯಾಲೆಂಡರಿಗಿಂತ ತೋಟ ನೋಡಬೇಕು. ದೀಪಾವಳಿ ಕಳೆದು ಕೊನೆಕೊಯ್ಲು ಹಿಡಿದರೆ ಶಿವರಾತ್ರಿಯ ತನಕ ಯಾರ ಕೈಯೂ ತೆರವಿಲ್ಲ. ಹಿಂದೆ ಆ ದಿನಗಳಲ್ಲಿಯೂ ಓದು ನಡೆಯುತ್ತಿತ್ತು. ರಾತ್ರಿ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಹತ್ತಾರು ಜನ ಅಡಕೆ ಸುಲಿಯಲು ಕೂತರೆ, ಅಕ್ಷರ ಬಲ್ಲವರೊಬ್ಬರು ಲಾಟೀನಿನ ಹತ್ತಿರ ಕೂತು ಗಟ್ಟಿಯಾಗಿ ಓದುವುದು, ಇಲ್ಲವೇ ಯಾರಾದರೂ ಪ್ರಸಂಗದ ಕಥೆ ಹೇಳುವುದು. ಈಗ ಸುಲಿಯುವ ಯಂತ್ರ ಬಂದಿದೆ. ಆ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ, ಓದು ಎಲ್ಲಿ ಕೇಳುತ್ತದೆ? ಆದ್ದರಿಂದ ಸುಗ್ಗಿಯಲ್ಲಿ ಕಳಿಸಬೇಡ. ಹಾಳೆ ಚಾಲಿ ಅಡಕೆಯ ಮೂಟೆಯ ಮೇಲೆ ಬಿದ್ದಿರುತ್ತದೆ.

ಮಳೆಗಾಲವೇ ನಮ್ಮವರ ಓದಿನ ಕಾಲ. ಔಷಧಿ ಹೊಡೆದು ಮುಗಿದಿರುತ್ತದೆ, ಹೊರಗೆ ಕಾಲಿಡುವಂತಿಲ್ಲ. ಕರೆಂಟು ಹೋದರೆ ನಾಲ್ಕು ದಿನ, ಅದರ ಹಿಂದೆ ಫೋನಿನ ನೆಟ್‌ವರ್ಕೂ ಹೋಗುತ್ತದೆ. ಆಗ ಜಗಲಿಯಲ್ಲಿ ಕೂತವರ ಕೈಗೆ ಸಿಗುವುದು ಕಾಗದವೊಂದೇ. ಮಳೆ ಹಿಡಿಯುವ ಮೊದಲು ಒಂದು, ಚೌತಿಯ ಆಸುಪಾಸಿಗೆ ಒಂದು, ಶಿವರಾತ್ರಿ ಕಳೆದ ಮೇಲೆ ಒಂದು. ವರ್ಷಕ್ಕೆ ಮೂರು. ನಾಲ್ಕನೆಯದು ಕೈಗೂಡಿದರೆ ಅದು ಹೇಳದೆ ಬಂದ ನೆಂಟರ ಹಾಗೆ ಬರಲಿ, ಮೊದಲೇ ಘೋಷಿಸಬೇಡ.

ಮಳೆಗಾಲದ ಸಂಚಿಕೆಗೆ ತೆಳು ಕಾಗದ ಬೇಡ. ನೂರು ರೂಪಾಯಿ ಉಳಿಯುತ್ತದೆ ಎಂದು 60 ಜಿಎಸ್‌ಎಂ ಹಾಕಿಸಿದರೆ ನಮ್ಮ ಥಂಡಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ, 80 ಹಾಕಿಸು. ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡವೇ ಬೇಡ. ನಿನ್ನ ಕಂಪ್ಯೂಟರಿನಲ್ಲಿ ಅದು ವಿಕಾರವಾಗಿ ಕಾಣಬಹುದು, ಇರಲಿ. ಓದುವವರಲ್ಲಿ ಅರ್ಧ ಜನ ಕಣ್ಣಿನ ಪೊರೆ ತೆಗೆಸಿಕೊಂಡವರು, ಉಳಿದರ್ಧ ತೆಗೆಸಿಕೊಳ್ಳಬೇಕಾದವರು.

ಏನು ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಏನು ಬೇಡ ಎಂಬುದನ್ನು ಹೇಳಬಲ್ಲೆ. ಸುದ್ದಿ ಬೇಡ. ಶಿರಸಿಯಲ್ಲೇ ‘ಲೋಕಧ್ವನಿ’ ದಿನಾ ಅಚ್ಚಾಗುತ್ತದೆ, ಹುಬ್ಬಳ್ಳಿಯಿಂದ ದಿನಪತ್ರಿಕೆಗಳ ಕಟ್ಟು ಬರುತ್ತದೆ, ಯಾರ ಮನೆಯಲ್ಲಿ ಏನಾಯಿತು ಎಂಬುದು ವಾಟ್ಸ್‌ಆ್ಯಪಿನಲ್ಲಿ ಆಗುವ ಮೊದಲೇ ಬಂದಿರುತ್ತದೆ. ನಾಲ್ಕು ತಿಂಗಳಿಗೊಮ್ಮೆ ಬರುವ ಹಾಳೆಯಲ್ಲಿ ಸುದ್ದಿ ಹಾಕಿದರೆ ಅದು ಬರೀ ಹಳಸಲು. ಬೇಸಾಯದ ಮಾಹಿತಿಯೂ ಬೇಡ. ಅದಕ್ಕೆ ‘ಅಡಿಕೆ ಪತ್ರಿಕೆ’ ಇದೆ. 1988ರಲ್ಲಿ ಪುತ್ತೂರಿನಲ್ಲಿ ಶ್ರೀಪಡ್ರೆಯವರು ಮತ್ತು ಅಲ್ಲಿನ ಬೆಳೆಗಾರರು ಕೃಷಿಕರ ಕೈಗೇ ಲೇಖನಿ ಕೊಟ್ಟು ಅದನ್ನು ಕಟ್ಟಿದರು. ಅವರು ಮಾಡುವುದನ್ನು ನೀನು ಅರ್ಧಂಬರ್ಧ ಮಾಡುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ಆದರೆ ಅವರಿಂದ ಒಂದು ಕಲಿ: ತಾನು ಬರೆಯಬಲ್ಲೆ ಎಂದು ಎಣಿಸಿಯೇ ಇರದವನ ಅನುಭವ, ಅವನ ಮಾತಿನಲ್ಲೇ ಬಂದರೆ ಎಷ್ಟು ಗಟ್ಟಿ ಇರುತ್ತದೆ ಎಂಬುದು.

ನೀನು ಓಡಾಡುವ ಮೂರು ತಾಲೂಕಿನಲ್ಲಿ ಅಂಥವರಿಗೇನು ಬರವೇ? 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಡೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತ ಹುಡುಗರಿಗೆ ಈಗ ಅರವತ್ತು ದಾಟಿದೆ. ಅಪ್ಪಿಕೋ ಚಳವಳಿಯ ಬಗ್ಗೆ ಪುಸ್ತಕ ಬಂದಿವೆ, ಭಾಷಣ ಆಗಿವೆ. ಆ ದಿನ ಮಳೆ ಇತ್ತೇ, ಕಾಲಿಗೆ ಉಂಬಳ ಹತ್ತಿತ್ತೇ, ಮನೆಗೆ ಹೋದಾಗ ಅಪ್ಪ ಬೈದರೇ ಎಂದು ಕೇಳಿದವರು ಕಡಿಮೆ. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಕರನಿರಾಕರಣೆಯ ಕಾಲಕ್ಕೆ ಸತ್ಯಾಗ್ರಹಕ್ಕೆ ಕೂತ ಹೆಂಗಸರು ಈಗ ಇಲ್ಲ. ಅವರ ಸೊಸೆಯಂದಿರು, ಮೊಮ್ಮಕ್ಕಳು ಇದ್ದಾರೆ. ಮನೆ ಜಪ್ತಿಯಾದ ಮೇಲೆ ಮಕ್ಕಳಿಗೆ ಊಟ ಎಲ್ಲಿತ್ತು ಎಂಬುದು ಅಂಥ ಮನೆಗಳ ಅಡುಗೆಮನೆಯಲ್ಲಿ ಇನ್ನೂ ಮಾತಾಗಿ ಉಳಿದಿರಬಹುದು. ಹೋಗಿ ಕೂತು ಕೇಳು. ಒಂದು ಸಂಚಿಕೆಗೆ ಒಬ್ಬರು ಸಾಕು.

ಗಾತ್ರದ ಚಿಂತೆಯೂ ಬೇಡ. ಅಂಕೋಲೆಯಿಂದ ದಿನಕರ ದೇಸಾಯಿಯವರು ‘ಜನಸೇವಕ’ ನಡೆಸಿದರು. ಅವರು ಶಾಲೆ ಕಟ್ಟಿದ್ದು, ರೈತರ ಪರ ಹೋರಾಡಿದ್ದು, ಲೋಕಸಭೆಗೆ ಹೋದದ್ದು ಎಲ್ಲ ಇತಿಹಾಸದಲ್ಲಿದೆ. ಆದರೆ ಈ ಜಿಲ್ಲೆಯ ಮುದುಕರ ಬಾಯಲ್ಲಿ ಉಳಿದಿರುವುದು ಅವರ ನಾಲ್ಕು ಸಾಲಿನ ಚುಟುಕ. ಲಂಕೇಶರ ಪತ್ರಿಕೆಯದೂ ಅದೇ ಕಥೆ. 1980ರಲ್ಲಿ ಜಾಹೀರಾತಿಲ್ಲದೆ ಹೊರಟ ಆ ವಾರಪತ್ರಿಕೆ ರಾಜಕಾರಣಿಗಳ ನಿದ್ದೆ ಕೆಡಿಸಿದ್ದು ಹೌದು. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕೊಳ್ಳುತ್ತಿದ್ದ ನನ್ನಂಥವರು ಮೊದಲು ತೆಗೆಯುತ್ತಿದ್ದದ್ದು ಮಾತ್ರ ಅವರು ಒಬ್ಬರೇ ಕೂತು ನಮ್ಮೊಂದಿಗೆ ಮಾತಾಡುವ ಪುಟವನ್ನು. ‘ನೀಲು’ ಎಂಬ ಹೆಸರಿನಲ್ಲಿ ಅವರು ಬರೆಯುತ್ತಿದ್ದ ಸಾಲುಗಳನ್ನು, ಕೊನೆಯ ವರ್ಷಗಳಲ್ಲಿ ‘ಮರೆಯುವ ಮುನ್ನ’ ಅಂಕಣವನ್ನು. ನಿನ್ನಲ್ಲಿ ರಾಜಕಾರಣಿಯೂ ಇಲ್ಲ, ಹಗರಣವೂ ಇಲ್ಲ. ಇರುವುದು ಆ ಒಂದು ಪುಟ ಮಾತ್ರ. ಅದನ್ನೇ ಪಟ್ಟಿ ಮಾಡಿ ಐದು ಅಂಕಣಕ್ಕೆ ಹರಿದು ಹಂಚಬೇಡ.

ಹೊಸ ಹೆಸರು ಇಡಲೇ ಎಂದು ಕೇಳಿದ್ದೀಯ. ಇದಕ್ಕೆ ಎರಡೂ ಬಗೆಯ ಸಾಕ್ಷಿ ಇದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದ. ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಓದುವವರು ಮಂಗಳೂರಿನ ಆಚೆಗೂ ಹರಡಿಕೊಂಡಿದ್ದರು, ಹೆಸರು ಬದಲಾಗಲೇಬೇಕಿತ್ತು. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಶುರುಮಾಡಿದ ‘ಕೊರವಂಜಿ’ 1967ರಲ್ಲಿ ನಿಂತಿತು. ಆರ್.ಕೆ. ಲಕ್ಷ್ಮಣರು ಎಳೆಯ ಪ್ರಾಯದಲ್ಲಿ ಚಿತ್ರ ಬರೆದ ಪತ್ರಿಕೆ ಅದು. ಎಂಬತ್ತರ ದಶಕದಲ್ಲಿ ಆ ಹಾಸ್ಯದ ಪರಂಪರೆ ಮತ್ತೆ ಎದ್ದಾಗ ‘ಅಪರಂಜಿ’ ಎಂದು ಹೆಸರಾಯಿತು. ನಡೆಸುವವರು ಬೇರೆ, ಕಾಲ ಬೇರೆ, ಹೆಸರೂ ಬೇರೆ. ಪ್ರಾಸ ಮಾತ್ರ ಉಳಿಸಿಕೊಂಡರು, ಜಾಣರು. ನಿನ್ನ ವಿಷಯದಲ್ಲಿ ಬರೆಯುವವಳೂ ಅವಳೇ, ಓದುವವರೂ ಅವರೇ. ಹೆಸರು ಹಳೆಯದೇ ಇರಲಿ. ಸಂಚಿಕೆಯ ಸಂಖ್ಯೆಯನ್ನೂ ಒಂದರಿಂದ ಶುರುಮಾಡಬೇಡ, ಬಿಟ್ಟಲ್ಲಿಂದ ಮುಂದುವರಿಸು. ಹಿಂದಿನದು ಎಂಟಾದರೆ ಇದು ಒಂಬತ್ತು. ಎಂಟನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡ ಒಬ್ಬರಾದರೂ ಇರುತ್ತಾರೆ, ಅವರಿಗೆ ಒಂಬತ್ತು ಕಂಡರೆ ಖುಷಿ.

ಹೊಸಬರಿಗೆ ನೀನು ಯಾರೆಂದು ಗೊತ್ತಾಗಬೇಡವೇ ಎಂದರೆ, ಆಗಬೇಕು. ಅದಕ್ಕೆ ಪುಟ ಬೇಕಿಲ್ಲ. ತಲೆಬರಹದ ಕೆಳಗೆ ಎರಡು ಸಾಲು: ಎಲ್ಲಿಂದ ಬರೆಯುತ್ತೀಯ, ವರ್ಷಕ್ಕೆಷ್ಟು ಸಲ, ಬೇಡವಾದರೆ ಯಾವ ನಂಬರಿಗೆ ತಿಳಿಸಬೇಕು. ಆ ಕೊನೆಯದನ್ನು ಬಿಡಬೇಡ. ಹಿಂದೆ ಚಂದಾ ಕೊಟ್ಟಿದ್ದರು ಎಂಬ ಒಂದೇ ಕಾರಣಕ್ಕೆ ಕೇಳದೆ ಮನೆಗೆ ನುಗ್ಗುವ ಹಕ್ಕು ನಮಗಿಲ್ಲ. ಬೇಡ ಎಂದವರ ಹೆಸರನ್ನು ಅದೇ ದಿನ ಹೊಡೆದುಹಾಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಉತ್ತರ ಬರೆದವರಿಗೆ ಮಾತ್ರ ತಪ್ಪದೆ ಉತ್ತರಿಸು. ಶಿವರಾಮ ಕಾರಂತರು ಅಷ್ಟು ಬರೆದರು, ಅಷ್ಟು ತಿರುಗಿದರು. ಆದರೂ ಯಾರೇ ಬರೆಯಲಿ, ಕಾರ್ಡಿನಲ್ಲಿ ನಾಲ್ಕು ಸಾಲು ಉತ್ತರ ಬರುತ್ತಿತ್ತೆಂದು ನಾಡಿಗೇ ಗೊತ್ತು. ಈಗಲೂ ಅಂಚೆ ಕಾರ್ಡಿಗೆ ಐವತ್ತು ಪೈಸೆ. ಎಷ್ಟೋ ಶಾಖಾ ಅಂಚೆ ಕಚೇರಿಗಳಲ್ಲಿ ಕಾರ್ಡು ಕೇಳಿದರೆ ಮುಖ ನೋಡುತ್ತಾರೆ, ಶಿರಸಿಗೆ ಬಂದಾಗ ಒಂದು ಕಟ್ಟು ತೆಗೆದಿಟ್ಟುಕೊ.

ಈಗ ಎಲ್ಲಕ್ಕಿಂತ ಬೇಸರದ ಕೆಲಸ, ಆದರೆ ಕರಡು ತಿದ್ದುವುದಕ್ಕಿಂತ ಮೊದಲು ಆಗಬೇಕಾದ್ದು: ವಿಳಾಸದ ಪಟ್ಟಿ. ನಿನ್ನ ಹಳೆಯ ಪಟ್ಟಿಯನ್ನು ಹಾಗೇ ಲೇಬಲ್ಲಿಗೆ ಹಾಕಿ ಕಳಿಸಿದೆಯೋ, ಅನರ್ಥ. ಮೊದಲು ತೀರಿಕೊಂಡವರ ಹೆಸರು ನೋಡು. ಹೋದವರ ಹೆಸರಿಗೆ ಟಪಾಲು ಬಂದಾಗ ಆ ಮನೆಯ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕು? ಗೊತ್ತಿದ್ದವರನ್ನು ಕೇಳಿ ಒಂದೊಂದೇ ಹೆಸರು ಖಾತ್ರಿ ಮಾಡಿಕೊ. ಆ ಮನೆಯವರು ಓದುವವರಾದರೆ, ಅವರನ್ನು ವಿಚಾರಿಸಿ ಅವರದೇ ಹೆಸರಿಗೆ ಕಳಿಸು.

ಆಮೇಲೆ ಊರು ಬಿಟ್ಟವರು. ನಿಮ್ಮ ತಾಲೂಕಿನ ಕಳಚೆಯಲ್ಲಿ 2021ರ ಜುಲೈ ಮಳೆಗೆ ಗುಡ್ಡವೇ ಕುಸಿದು ತೋಟ, ರಸ್ತೆ, ಮನೆ ಹೋದವು. ಅಲ್ಲಿಂದ ಎದ್ದು ಬಂದವರಿಗೆ ಹಳೆಯ ವಿಳಾಸ ಬರೀ ನೆನಪು. ಮಕ್ಕಳ ಜೊತೆ ಬೆಂಗಳೂರು ಸೇರಿದ ಅಪ್ಪ-ಅಮ್ಮಂದಿರಂತೂ ಕೇರಿಗೆ ಇಬ್ಬರು ಮೂವರು. ನನ್ನ ಅಂದಾಜಿನಲ್ಲಿ ನಿನ್ನ ಹಾಳೆಗೆ ಅವರಷ್ಟು ಕಾಯುವವರು ಇನ್ನಿಲ್ಲ. ಹದಿನಾಲ್ಕನೆಯ ಮಹಡಿಯಲ್ಲಿ ಕೂತವರಿಗೆ ಮಳೆ ಹಿಡಿದ ವಾಸನೆ ಬೇಕಾಗಿರುತ್ತದೆ. ಅವರ ವಿಳಾಸ ಹುಡುಕುವುದಕ್ಕೆ ಎರಡು ದಿನ ಹೋದರೂ ಹೋಗಲಿ.

ಪಿನ್ ಸಂಖ್ಯೆಯಲ್ಲಿ ಅಸಡ್ಡೆ ಬೇಡ. ಬರೀ ‘ಸಿದ್ದಾಪುರ’ ಎಂದು ಬರೆದರೆ ಕೊಡಗಿಗೂ ಹೋಗಬಹುದು, ಕುಂದಾಪುರದ ಕಡೆಗೂ ಹೋಗಬಹುದು. ಎರಡು ಕಡೆಯೂ ಸಿದ್ದಾಪುರ ಇದೆ. ನಮ್ಮದು 581355, ‘ಉ.ಕ.’ ಎಂಬುದೂ ಇರಲಿ. ಶಿರಸಿ 581401, ಯಲ್ಲಾಪುರ 581359, ಆದರೆ ಹಳ್ಳಿಗಳದು ಬೇರೆ ಬೇರೆ ಇರುತ್ತದೆ, ತಾಲೂಕಿನದನ್ನೇ ಎಲ್ಲರಿಗೂ ಅಂಟಿಸಬೇಡ. ನಮ್ಮಲ್ಲಿ ಒಂದೇ ಊರಿನಲ್ಲಿ ಒಂದೇ ಹೆಸರಿನ ಗಣಪತಿ ಹೆಗಡೆಯವರು ಮೂರು ಜನ ಇರುವುದು ವಿಶೇಷವೇನಲ್ಲ. ಹೆಸರಿನ ಮುಂದೆ ಮನೆಯ ಗುರುತು, ಕೇರಿಯ ಹೆಸರು ಬರೆ. ಅಂಚೆಯಣ್ಣ ಊರಿನವನೇ ಆದರೂ ಅವನು ರಜೆ ಹಾಕಿದ ದಿನ ಬದಲಿಗೆ ಬಂದವನಿಗೆ ತಿಳಿಯಬೇಕಲ್ಲ. ಮನೆ ತೀರಾ ಒಳಗಿದ್ದರೆ ಯಾವ ಅಂಗಡಿಗೋ ಹಾಲಿನ ಡೈರಿಗೋ ಟಪಾಲು ಬಂದು ಬೀಳುತ್ತದೆ ಎಂದು ವಿಚಾರಿಸಿ, ಅದನ್ನೂ ಬರೆದುಬಿಡು.

ಇಷ್ಟಾದ ಮೇಲೆ ದುಡ್ಡಿನ ಮಾತು. ನಿನ್ನ ಕರಡಿನಲ್ಲಿ ಹೊಸ ಚಂದಾ ದರ ಇದೆ, ಹಳೆಯ ಬಾಕಿಯ ಸುದ್ದಿಯೇ ಇಲ್ಲ. ವರ್ಷಕ್ಕೆಂದು ಚಂದಾ ಕೊಟ್ಟು ಅರ್ಧದಷ್ಟು ಸಂಚಿಕೆ ಮಾತ್ರ ಪಡೆದವರು ಇದ್ದಾರಲ್ಲ? ಅವರು ಕೇಳುವುದಿಲ್ಲ, ನಮ್ಮ ಜನ ಇಂಥದ್ದಕ್ಕೆ ಬಾಯಿಬಿಡುವವರಲ್ಲ. ಆದರೆ ಲೆಕ್ಕ ಅವರ ತಲೆಯಲ್ಲಿ ಇದ್ದೇ ಇರುತ್ತದೆ. ಅಡಕೆ ಮಂಡಿಯ ಪಟ್ಟಿಯಲ್ಲಿ ಕಾಲು ಕಿಲೋ ತೂಕ ಹೆಚ್ಚು ಕಮ್ಮಿಯಾದರೂ ಮರೆಯದವರು. ನೀನು ಸಹಕರಿಸಿ, ಕ್ಷಮಿಸಿ ಎಂದು ಎಷ್ಟು ಬರೆದರೂ ಅವರಿಗೆ ತಟ್ಟುವುದು ಬೇರೆ. ಹಾಳೆಯ ಜೊತೆ ಒಂದು ಚೀಟಿ ಇಡು: ‘ನಿಮ್ಮ ಹಿಂದಿನ ಚಂದಾದಲ್ಲಿ ಮೂರು ಸಂಚಿಕೆ ಬಾಕಿ ಇದೆ, ಇದು ಅದರಲ್ಲಿ ಮೊದಲನೆಯದು.’ ಕೈಬರಹದಲ್ಲೇ ಬರೆ, ಅಚ್ಚು ಹಾಕಿಸಬೇಡ. ಆ ಬಾಕಿ ತೀರುವ ತನಕ ಅವರ ಹತ್ತಿರ ಒಂದು ರೂಪಾಯಿ ಕೇಳಕೂಡದು. ಹೊಸಬರ ಚಂದಾದಲ್ಲಿ ಅಚ್ಚಿನ ಖರ್ಚು ಹುಟ್ಟದಿದ್ದರೆ ಪ್ರತಿ ಕಡಿಮೆ ಹಾಕಿಸು, ಇಲ್ಲವೇ ಎರಡೇ ಪುಟ ತಾ.

ಚಂದಾದ ನೋಟ್‌ಬುಕ್ಕು ನಿನ್ನ ಹತ್ತಿರ ಇನ್ನೂ ಇದೆಯೆಂದು ನಂಬಿದ್ದೇನೆ. ಮುಂದಿನ ಸಲ ಬರುವಾಗ ಹಿಡಿದುಕೊಂಡು ಬಾ. ಲೆಕ್ಕದಲ್ಲಿ ನಿನ್ನ ಅತ್ತೆ ನನಗಿಂತ ಚುರುಕು, ಅವಳನ್ನೂ ಕೂರಿಸಿಕೊಂಡು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡೋಣ.